ಮೇಲಕ್ಕೆ ಹರಿದ ಎಣ್ಣೆ

"ಎಣ್ಣೆ ಮೇಲಕ್ಕೆ ಹರಿಯುತ್ತಾ ಸರ್?"

ಕಾರಿನ ಅಡಿಯಿಂದ ಬಂದ ಈ ಪ್ರಶ್ನೆಗೆ ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ಠಾಣೆಯ ಹಿತ್ತಲಲ್ಲಿ ಆಗಷ್ಟೇ ತಾಡಪಾಲು ಸರಿಸಿದ್ದರು. ನಜ್ಜುಗುಜ್ಜಾದ ಗಾಡಿಯ ಕೆಳಗಿನಿಂದ ಸರ್ವೇಯರಮ್ಮನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಕಾಲಿನ ಜೊತೆ ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ.

"ನಂಗೆ ಗೊತ್ತಿರೋ ಮಟ್ಟಿಗೆ ಇಲ್ಲ ಮೇಡಂ."

"ನಂಗೂ ಅಷ್ಟೇ ಗೊತ್ತಿರೋದು. ಆದ್ರೆ ಇಲ್ಲಿ ಹರಿದಿದೆ. ಸ್ವಲ್ಪ ಬಗ್ಗಿ ನೋಡಿ."

ಐವತ್ತು ವರ್ಷದ ಈ ಹಳೇ ಕಾರು, ಡಿಸ್ಕ್ ಬ್ರೇಕನ್ನೂ ಹಿಂದಿನ ಚಕ್ರಗಳಿಗೆ ಹೊಸ ಕಾಲದ ಆಕ್ಸಲನ್ನೂ ಹಾಕಿಸಿಕೊಂಡು ಗ್ಯಾರೇಜಿನಿಂದ ಬಂದ ಮೂರನೇ ದಿನ ಇಳಿಜಾರಿನಲ್ಲಿ ನಿಲ್ಲದೆ ಗೋಡೆಗೆ ಗುದ್ದಿತ್ತು. ಓಡಿಸುತ್ತಿದ್ದ ನಿವೃತ್ತ ಹೆಡ್‌ಮಾಸ್ತರು ನಾಲ್ಕು ದಿನದಿಂದ ಕಣ್ಣು ಬಿಟ್ಟಿರಲಿಲ್ಲ, ಬ್ರೇಕು ಕೂರಿಸಿದ ಫಿಟರು ಲಾಕಪ್ಪಿನಲ್ಲಿದ್ದ. ವಿಮಾ ಕಂಪನಿಯ ಪರವಾಗಿ ಅಪಘಾತದ ಗಾಡಿ ನೋಡುವ ಸರ್ವೇಯರಮ್ಮ ಸಂಜೆ ಐದಕ್ಕೆ ವರದಿ ಕೊಡಬೇಕಿತ್ತು. ಅವಳ ವರದಿ ಏನು ಹೇಳುತ್ತದೋ ಅದೇ ಫಿಟರನ ಹಣೆಬರಹ.

ಇನ್‌ಸ್ಪೆಕ್ಟರ್ ಪ್ಯಾಂಟಿನ ಇಸ್ತ್ರಿಯನ್ನು ಮರೆತು ಮಂಡಿಯೂರಿದರು.

ಎಡಗಡೆಯ ಮುಂಚಕ್ರ ಗೋಡೆಗೆ ಸಿಕ್ಕಿ ಗುರುತೇ ಉಳಿದಿರಲಿಲ್ಲ. ಬಲಗಡೆಯದು ಹಾಗೇ ಇತ್ತು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ, ಅದನ್ನು ಇಕ್ಕಳದ ಹಾಗೆ ಎರಡೂ ಕಡೆಯಿಂದ ಹಿಡಿಯುವ ಕ್ಯಾಲಿಪರು. ಹೆಡ್‌ಮಾಸ್ತರ ಆಸೆಯಂತೆ ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿದಿದ್ದರು. ಅದರ ಕೆಳತುದಿಯಲ್ಲಿ ಒಂದು ಪುಟ್ಟ ನಿಪ್ಪಲ್ಲು.

"ಈ ನಿಪ್ಪಲ್ ಇರೋದು ಎಣ್ಣೆಯೊಳಗೆ ಸೇರ್ಕೊಂಡ ಗಾಳೀನ ಹೊರಗೆ ಬಿಡೋಕೆ," ಎಂದಳು ಅವಳು, ಟಾರ್ಚು ತೋರಿಸುತ್ತಾ. "ಗಾಳಿ ತೆಗೀವಾಗ ಎಷ್ಟೇ ಹುಷಾರಾಗಿದ್ರೂ ಒಂದು ಹನಿ ಎಣ್ಣೆ ಜಾರುತ್ತೆ. ಬ್ರೇಕ್ ಎಣ್ಣೆಗೂ ಬಣ್ಣಕ್ಕೂ ಎಣ್ಣೆ ಸೀಗೇಕಾಯಿ. ಹರಿದ ಕಡೆಯೆಲ್ಲ ಬಣ್ಣ ಎದ್ದುಬಿಡುತ್ತೆ."

ಕೆಂಪು ಬಣ್ಣದ ನಡುವೆ ದಾರದಷ್ಟು ಸಣ್ಣಗೆ ಬರಿ ಲೋಹದ ಗೆರೆಯೊಂದು ಕಾಣುತ್ತಿತ್ತು. ನಿಪ್ಪಲ್ಲಿನಿಂದ ಹೊರಟು, ನೆಟ್ಟಗೆ ಮೇಲಕ್ಕೆ ಹೋಗಿತ್ತು.

"ಅಂದ್ರೆ ಇದು ತಲೆಕೆಳಗಾಗಿದೆ," ಎಂದರು ಇನ್‌ಸ್ಪೆಕ್ಟರ್ ನಿಧಾನವಾಗಿ.

"ಎಣ್ಣೆ ಜಾರಿದಾಗ ನಿಪ್ಪಲ್ ಮೇಲಿತ್ತು. ಫಿಟರ್ ಸರಿಯಾಗೇ ಕೂರಿಸಿದ್ದ. ಆಮೇಲೆ ಯಾರೋ ಎರಡೂ ಕ್ಯಾಲಿಪರ್ ಬಿಚ್ಚಿ, ಬಲದ್ದನ್ನ ಎಡಕ್ಕೆ, ಎಡದ್ದನ್ನ ಬಲಕ್ಕೆ ಹಾಕಿದಾರೆ. ಹಂಗೆ ಹಾಕಿದ್ರೆ ತಲೆಕೆಳಗೇ ಕೂರೋದು, ನಿಪ್ಪಲ್ ಕೆಳಗೆ ಬಂತು. ಗಾಳಿ ಯಾವತ್ತೂ ಮೇಲೇ ನಿಲ್ಲೋದು ಸರ್. ಹೊರಗೆ ಬರೋಕೆ ದಾರಿ ಇಲ್ದೆ ಒಳಗೇ ಉಳೀತು. ಇಳಿಜಾರಲ್ಲಿ ಪೆಡಲ್ ತುಳಿದ್ರೆ ಸೀದಾ ತಳ."

"ನಾಲ್ಕು ದಿನದಿಂದ ಈ ತಾಡಪಾಲನ್ನ ನಾವ್ಯಾರೂ ಎತ್ತೇ ಇಲ್ಲ." ಇನ್‌ಸ್ಪೆಕ್ಟರ್ ಎದ್ದು ಮಂಡಿ ಕೊಡವಿಕೊಂಡರು. "ಬಿಚ್ಚಿದ್ದು ಯಾರು ಮೇಡಂ?"

ಅವಳು ಗಾಡಿಯ ಕೆಳಗಿನಿಂದ ತೆವಳಿ ಹೊರಗೆ ಬಂದಳು. ಕೂದಲಲ್ಲಿ ತುಕ್ಕು ಉದುರಿತ್ತು.

"ಐದು ಗಂಟೆಗೆ ಹೇಳ್ತೀನಿ," ಎಂದಳು. ಅವರ ಮುಖ ನೋಡಲಿಲ್ಲ.

*

ಠಾಣೆಯಿಂದ, ಆ ಕಾರು ರಿಪೇರಿಯಾಗಿದ್ದ ಸೋದರಮಾವನ ಗ್ಯಾರೇಜಿಗೆ ಇಪ್ಪತ್ತು ನಿಮಿಷದ ದಾರಿ. ಅವಳು ಸ್ಕೂಟರನ್ನು ನಲವತ್ತು ನಿಮಿಷ ಓಡಿಸಿದಳು.

ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹನ್ನೆರಡರ ಹುಡುಗಿಯನ್ನು ಮಾವ ಮನೆಗೆ ಕರೆತಂದಿದ್ದರು. ಕೆಳಗೆ ಗ್ಯಾರೇಜು, ಮೇಲೆ ಮನೆ. ಬೇರೆ ಹುಡುಗಿಯರು ಗೊಂಬೆ ಜೋಡಿಸುವ ಹೊತ್ತಿನಲ್ಲಿ ಇವಳು ಗ್ಯಾರೇಜಿನ ಗುಂಡಿಯೊಳಗೆ ಮಾವನ ಪಕ್ಕ ನಿಂತು, ತಲೆಯ ಮೇಲಿನ ಗಾಡಿಗೆ ದೀಪ ಹಿಡಿಯುತ್ತಿದ್ದಳು. ಮಾವ ಜಾಕಿಯನ್ನು ನಂಬದವರು. ಏನೇ ಕೆಲಸವಿರಲಿ ಗುಂಡಿಗೆ ಇಳಿದೇ ಮಾಡಬೇಕು. ಹಳೇ ಡ್ರಮ್ ಬ್ರೇಕಿನ ಕಾಲದಿಂದ ಅವರದೊಂದು ಪಾಠವಿತ್ತು.

"ನಿಪ್ಪಲ್ ಯಾವಾಗ್ಲೂ ನಿನ್ನ ಮುಖ ನೋಡ್ತಿರ್ಬೇಕು ಪುಟ್ಟಿ. ನೋಡ್ತಿಲ್ಲ ಅಂದ್ರೆ ಯಾವನೋ ತಪ್ಪಾಗಿ ಹಾಕಿದಾನೆ ಅಂತ ತಿಳ್ಕೊ."

ಗುಂಡಿಯಲ್ಲಿ ನಿಂತವನ ಮುಖ ನೋಡಬೇಕೆಂದರೆ ನಿಪ್ಪಲ್ಲು ಕೆಳಕ್ಕೇ ಇರಬೇಕು. ಡ್ರಮ್ಮಿಗೆ ಆ ಪಾಠ ಹೇಗೋ ನಡೆದುಹೋಗಿತ್ತು. ಡಿಸ್ಕ್ ಬ್ರೇಕಿಗೆ ಅದು ಕುತ್ತಿಗೆಗೆ ಬರುವ ಪಾಠ.

ಫಿಟರಿಗೆ ಗ್ಯಾರೇಜಿನಲ್ಲಿ ಮೌನಿ ಎಂದು ಹೆಸರು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಂಬಿದ ಆಸಾಮಿ. ಇಪ್ಪತ್ತೆರಡು ವರ್ಷದಲ್ಲಿ ಅವನು ಇವಳ ಜೊತೆ ಆಡಿದ ಮಾತು ಒಂದು ಪುಟ ತುಂಬದು. ಅವನ ಹೆಂಡತಿ ಮೊನ್ನೆ ಆಫೀಸಿಗೆ ಬಂದು, "ಅವರು ಸುಳ್ಳು ಹೇಳೋರಲ್ಲ ಕಣಮ್ಮ, ಸುಳ್ಳು ಹೇಳೋಕೂ ಮಾತಾಡ್ಬೇಕಲ್ಲ," ಎಂದು ಅಳುತ್ತಲೇ ನಗಿಸಿ ಹೋಗಿದ್ದಳು. ಆಗ ಸರ್ವೇಯರಮ್ಮ ಧೈರ್ಯ ಹೇಳಿದ್ದಳು. ಆ ಧೈರ್ಯ ಈಗ ಅವಳಿಗೇ ಬೇಕಾಗಿತ್ತು.

ತನ್ನ ಲೆಕ್ಕ ತಪ್ಪಾಗಿರಲಿ ಎಂದು ಅವಳು ದಾರಿಯುದ್ದಕ್ಕೂ ಬೇಡಿಕೊಂಡಳು.

*

ಮಾವ ಗುಂಡಿಯಲ್ಲಿದ್ದರು. ಮೇಲೊಂದು ವ್ಯಾನು ನಿಂತಿತ್ತು. ವಯಸ್ಸು ಅರವತ್ತೆಂಟು, ಬೆನ್ನು ಬಗ್ಗಿಲ್ಲ, ಗುಂಡಿಯೊಳಗೆ ಬಗ್ಗುವ ಅಗತ್ಯವೂ ಇಲ್ಲ.

"ಬಂದ್ಯಾ ಪುಟ್ಟಿ. ಆ ಹದಿನಾಲ್ಕರ ಸ್ಪ್ಯಾನರ್ ಕೊಡು."

ಅವಳು ಕೊಟ್ಟಳು. ಕೈಗೆ ಹಳೇ ಅಭ್ಯಾಸ, ಮನಸ್ಸನ್ನು ಕೇಳದೆಯೇ ಮಾಡಿಬಿಟ್ಟಿತು.

"ರಿಪೋರ್ಟ್ ಬರೆದಾಯ್ತಾ?"

"ಬರೀತಿದ್ದೀನಿ. ಎರಡು ಮಾತು ಕೇಳೋದಿತ್ತು. ಮುಂದಿನ ಬ್ರೇಕು ಪೂರ್ತಿ ಮೌನಿ ಕೆಲಸಾನಾ ಮಾವ?"

"ಪೂರ್ತಿ. ಶನಿವಾರಾನೇ ಮುಗಿಸಿದ್ದ. ನಾನು ಮುಟ್ಟಿದ್ದು ಹಿಂದಿನ ಆಕ್ಸಲ್ ಮಾತ್ರ. ಪೊಲೀಸ್ನೋರಿಗೂ ಹಂಗೇ ಬರ್ಕೊಟ್ಟಿದ್ದೀನಿ."

"ಗಾಡಿ ಗುಂಡಿ ಮೇಲೆ ಎಷ್ಟು ದಿನ ಇತ್ತು?"

"ಭಾನುವಾರ, ಸೋಮವಾರ. ಹೊಸ ಆಕ್ಸಲ್ಲು ಹಳೇದಕ್ಕಿಂತ ಎರಡು ಬೆರಳು ಅಗಲ. ಸ್ಪ್ರಿಂಗ್ ಕೂರೋ ಜಾಗ ಕಡಿದು ಮತ್ತೆ ಬೆಸುಗೆ ಹಾಕ್ಬೇಕಾಯ್ತು. ಬೇರೆಯವರಾಗಿದ್ರೆ ಒಂದು ವಾರ ತಗೋತಿದ್ರು." ಮಾವನ ದನಿಯಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆ ನ್ಯಾಯವಾದದ್ದೇ. ಆಕ್ಸಲನ್ನು ಅವಳೂ ನೋಡಿದ್ದಳು, ಗೋಡೆಗೆ ಗುದ್ದಿದರೂ ಕೂದಲೆಳೆಯಷ್ಟು ಅಲುಗಾಡಿರಲಿಲ್ಲ.

"ಆ ಎರಡು ದಿನ ಮೌನಿ ಇದ್ನಾ?"

"ಇಲ್ಲ. ಮಗಳ ಮನೆಗೆ ಹೋಗಿದ್ದ."

ಅವಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಳು. "ಬ್ರೇಕಿನ ಎಣ್ಣೇಲಿ ಗಾಳಿ ಇತ್ತು ಮಾವ. ಅದಕ್ಕೇ ಹಿಡೀಲಿಲ್ಲ."

"ಇರದೆ ಇನ್ನೇನಾಗುತ್ತೆ?" ಮಾವ ಸ್ಪ್ಯಾನರು ತಿರುಗಿಸುತ್ತಲೇ ಅಂದರು. "ನಿಪ್ಪಲ್ ಕೆಳಗೆ ಮಾಡಿ ಹಾಕಿದ್ರೆ ಗಾಳಿ ಎಲ್ಲಿಂದ ಹೊರಗೆ ಬರ್ಬೇಕು? ಇಪ್ಪತ್ತೆರಡು ವರ್ಷ ಅವನಿಗೆ ಕಲಿಸಿದ್ದು ನೀರಲ್ಲಿ ಹೋಮ ಮಾಡಿದಂಗಾಯ್ತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅನ್ನುವ ಮೊದಲೇ ಕೈ ಹೆಗಲಿಗೆ ಹೋಗಿತ್ತು.

"ನಿಪ್ಪಲ್ ಕೆಳಗಿತ್ತು ಅಂತ ನಿಮಗೆ ಯಾರು ಹೇಳಿದ್ರು?"

"ಆಂ?"

"ನಾನು ಗಾಳಿ ಇತ್ತು ಅಂದೆ ಅಷ್ಟೆ. ನಿಪ್ಪಲ್ ಸುದ್ದಿ ಎತ್ತಲಿಲ್ಲ."

"ಪೊಲೀಸ್ನೋರು ಅಂತಿದ್ರು."

"ಪೊಲೀಸ್ನೋರಿಗೆ ತೋರಿಸಿದ್ದೇ ನಾನು. ಒಂದು ಗಂಟೆಯೂ ಆಗಿಲ್ಲ. ಅಲ್ಲೀವರೆಗೆ ಗಾಡಿ ತಾಡಪಾಲಿನ ಕೆಳಗಿತ್ತು."

ಸ್ಪ್ಯಾನರು ನಿಂತಿತು. ಗುಂಡಿಯೊಳಗಿನ ದೀಪದ ಬೆಳಕಿನಲ್ಲಿ ಮಾವನ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಆ ಅರ್ಧ ಸಾಕಾಯಿತು.

"ಪುಟ್ಟಿ ಬಂದಿದ್ದಾಳಾ?" ಮೇಲಿನಿಂದ ಅತ್ತೆಯ ದನಿ. "ನಿಮ್ಮ ಮಾವ ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಕಣೆ. ನನ್ನ ಮಾತಂತೂ ಕೇಳಲ್ಲ, ನೀನಾದ್ರೂ ಬೈದು ಮೇಲಕ್ಕೆ ಕಳಿಸು."

"ಬೈತೀನಿ ಅತ್ತೆ," ಎಂದಳು ಅವಳು.

ಮಾವ ಗುಂಡಿಯ ಮೆಟ್ಟಿಲು ಹತ್ತಿ ಬಂದರು. ಕೈ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು.

"ನಿಮ್ಮತ್ತೆಗೆ ಗೊತ್ತಿಲ್ಲ," ಎಂದರು.

"ಹೇಳಿ ಮಾವ."

"ಆಕ್ಸಲ್ ಮುಗಿಸಿ ಮುಂದೆ ಬಂದೆ. ತಲೆ ಎತ್ತಿ ನೋಡಿದ್ರೆ ನಿಪ್ಪಲ್ಲೇ ಕಾಣ್ತಿಲ್ಲ. ಇವನೇನೋ ಉಲ್ಟಾ ಹಾಕಿ ಹೋಗಿದಾನೆ ಅನ್ಕೊಂಡೆ. ನಾನೇ ಬಿಚ್ಚಿ ಸರಿ ಮಾಡ್ದೆ." ಸರಿ ಎನ್ನುವಾಗ ಕೈಯೊರೆಸುವ ಬಟ್ಟೆಯನ್ನು ಕೆಳಗಿಟ್ಟರು. "ಗಾಳಿ ತೆಗೆದೆ. ನಾಲ್ಕು ಸಲ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಗೇ ಬಂತು ಪುಟ್ಟಿ, ದೇವರಾಣೆ."

"ಗೊತ್ತಿಲ್ದೆ ಮಾಡಿದ್ರಿ. ಅದು ಅರ್ಥವಾಗುತ್ತೆ."

ನಿಜವಾಗಿಯೂ ಅರ್ಥವಾಗಿತ್ತು. ವಯಸ್ಸಾದ ಕೈ, ಹಳೇ ಪಾಠ, ಹೊಸ ಬ್ರೇಕು. ಅಷ್ಟೇ ಆಗಿದ್ದರೆ ಅವಳು ಅವರನ್ನು ತಬ್ಬಿಕೊಂಡು ಅತ್ತು, ಜೊತೆಯಲ್ಲೇ ಠಾಣೆಗೆ ಹೋಗುತ್ತಿದ್ದಳು.

"ಗೊತ್ತಾಗಿದ್ದು ಯಾವಾಗ?" ಎಂದು ಕೇಳಿದಳು.

ಮಾವ ವ್ಯಾನಿನ ಕಡೆ ತಿರುಗಿದರು.

"ಮಾವ, ಯಾವಾಗ ಗೊತ್ತಾಯ್ತು?"

"ಬುಧವಾರ ಸಂಜೆ." ದನಿ ಕೇಳಿಸುವಷ್ಟೂ ಇರಲಿಲ್ಲ. "ಹೆಡ್‌ಮಾಸ್ತರು ಫೋನ್ ಮಾಡಿದ್ರು. ಪೆಡಲ್ ಯಾಕೋ ಮೆತ್ತಗಿದೆ ಅಂದ್ರು. ಹೊಸದು, ಪಳಗಬೇಕು ಅಂದೆ. ಆಮೇಲೆ ಮನಸ್ಸು ತಡೀಲಿಲ್ಲ. ಸುಮ್ನೆ ಕೇಳಿದಂಗೆ ಮೌನೀನ ಕೇಳ್ದೆ, ಈ ಡಿಸ್ಕಲ್ಲಿ ನಿಪ್ಪಲ್ ಎತ್ಲಾಗೋ ಅಂತ. ಮೇಲಕ್ಕೆ ಅಂದ."

ಅಪಘಾತವಾದದ್ದು ಗುರುವಾರ ಬೆಳಿಗ್ಗೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೇರೆ ಲೆಕ್ಕ ಬರಲಿಲ್ಲ.

"ಒಂದು ರಾತ್ರಿ ಪೂರ್ತಿ ಇತ್ತು. ಗಾಡಿ ತೆಗೀಬೇಡಿ ಅಂತ ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ಬೆಳಿಗ್ಗೆ ನಾನೇ ಹೋಗಿ, ಸುಮ್ನೆ ನೋಡೋಕೆ ಬಂದೆ ಅಂತ ಹೇಳಿ ಸರಿ ಮಾಡಿ ಬರೋಣ ಅನ್ಕೊಂಡೆ. ಐವತ್ತು ವರ್ಷದ ಹೆಸರು ಪುಟ್ಟಿ. ಗೊತ್ತಾಗ್ಲಿಲ್ಲ ಅಂತ ಹೆಂಗೆ ಹೇಳ್ಲಿ? ಅವರು ಅಷ್ಟು ಬೇಗ ಹೊರಡ್ತಾರೆ ಅಂತ ನಂಗೇನು ಗೊತ್ತಿತ್ತು?"

"ಅದಕ್ಕೇ ನೀನು ಮೌನಿ ಹೆಸರು ಹೇಳ್ದೆ."

ಬಾಯಿಂದ ಏಕವಚನ ಬಂದುಬಿಟ್ಟಿತ್ತು. ಮೂವತ್ತು ವರ್ಷದಲ್ಲಿ ಇದೇ ಮೊದಲು. ಮಾವ ಬೆಚ್ಚಿ ಅವಳನ್ನು ನೋಡಿದರು. ಅವಳು ತಿದ್ದಿಕೊಳ್ಳಲಿಲ್ಲ.

"ಅವನ ಹೆಂಡ್ತಿ ನನ್ನ ಮುಂದೆ ಅತ್ತಳು. ನಾನು ಅವಳಿಗೆ ಏನಂದೆ ಗೊತ್ತಾ? ನನ್ನ ಮಾವ ಇದಾರೆ, ಅನ್ಯಾಯ ಆಗೋಕೆ ಬಿಡಲ್ಲ ಅಂದೆ. ಬೇಲಿನೇ ಎದ್ದು ಹೊಲ ಮೇಯ್ತಿದೆ ಅಂತ ನಂಗೆ ಗೊತ್ತಿರ್ಲಿಲ್ಲ."

ಅವಳಿಗೆ ಅಳು ಬಂದಿತ್ತು, ಸಿಟ್ಟು ಅದಕ್ಕಿಂತ ಹೆಚ್ಚಾಗಿ ಬಂದಿತ್ತು. ಗಾಡಿ ನೋಡುವುದನ್ನು, ಮನುಷ್ಯರನ್ನು ನೋಡುವುದನ್ನು, ಸುಳ್ಳು ಹಿಡಿಯುವುದನ್ನು ಎಲ್ಲ ಕಲಿಸಿದ್ದು ಈ ಮನುಷ್ಯನೇ. ಕಲಿಸಿದ್ದೆಲ್ಲ ಇವತ್ತು ಅವರ ಮೇಲೇ ಪ್ರಯೋಗವಾಗಬೇಕಾಗಿ ಬಂದಿತ್ತು.

"ನಾನು ನಿಜ ಬರೀತೀನಿ," ಎಂದಳು.

"ಬರಿ." ಮಾವ ಮೇಜಿನ ಹತ್ತಿರ ಹೋದರು. "ಬರೆಯೋ ಮುಂಚೆ ಇದನ್ನೊಂದು ನೋಡ್ಬಿಡು."

ಖಾನೆಯಿಂದ ತೆಗೆದ ಕಾಗದವನ್ನು ಅವಳ ಮುಂದಿಟ್ಟರು. ಅವಳ ಕಂಪನಿಯ ಫಾರಂ. ಹಳೇ ಗಾಡಿಗೆ ಬ್ರೇಕೋ ಆಕ್ಸಲ್ಲೋ ಬದಲಾಯಿಸಿದಾಗ, ಸರ್ವೇಯರು ಖುದ್ದಾಗಿ ನೋಡಿ ಓಡಿಸಲು ಯೋಗ್ಯ ಎಂದು ಬರೆದುಕೊಡುವ ಪತ್ರ. ಗಾಡಿಯ ನಂಬರು ಹೆಡ್‌ಮಾಸ್ತರದು. ತಾರೀಕು ಮಂಗಳವಾರದ್ದು. ಕೆಳಗಿನ ಸಹಿ ಅವಳದು.

ಆ ಗಾಡಿಯನ್ನು ಅವಳು ಮೊದಲ ಸಲ ನೋಡಿದ್ದು ಅದು ಗೋಡೆಗೆ ಗುದ್ದಿದ ಮೇಲೆ.

ಸಹಿ ಮಾತ್ರ ನಕಲಿಯಲ್ಲ. ಹೋದ ವರ್ಷ ಅವಳು ಮೂರು ವಾರ ತರಬೇತಿಗೆ ಹೋಗುವಾಗ, ಗ್ಯಾರೇಜಿನಲ್ಲಿ ಹಳೇ ಗಾಡಿಗಳು ಕಾಯುತ್ತಿದ್ದವು. 'ನೀವು ನೋಡಿದ್ರೆ ನಾನು ನೋಡಿದಂಗೆ' ಎಂದು ಮೂರು ಖಾಲಿ ಫಾರಂಗಳಿಗೆ ಸಹಿ ಹಾಕಿ ಮಾವನ ಕೈಗೆ ಕೊಟ್ಟಿದ್ದಳು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ವಾಪಸು ಬಂದು ಕೇಳಿದಾಗ, ಬೇಕಾಗಲಿಲ್ಲ, ಹರಿದುಹಾಕಿದೆ ಎಂದಿದ್ದರು. ಅವಳು ನಂಬಿದ್ದಳು.

"ಹರಿದುಹಾಕಿದೆ ಅಂದಿದ್ರಿ."

"ಎರಡು ಹರಿದೆ. ಇದೊಂದು ಉಳಿದಿತ್ತು. ಹೆಡ್‌ಮಾಸ್ತರಿಗೆ ಅರ್ಜೆಂಟಿತ್ತು, ನೀನು ಕೆಲಸದಲ್ಲಿದ್ದೆ." ಮಾವ ಕಾಗದದ ಅಂಚನ್ನು ಬೆರಳಿನಿಂದ ನೇರ ಮಾಡಿದರು. "ಇನ್ನೊಂದು ಪ್ರತಿ ಅವರ ಮನೇಲಿದೆ. ನಿಮ್ಮ ಆಫೀಸಿಗೆ ಇನ್ನೂ ಹೋಗಿಲ್ಲ. ಬಿಚ್ಚಿದ್ದು ಯಾರು ಅಂತ ಹುಡುಕೋಕೆ ಶುರು ಮಾಡಿದ್ರೆ, ನೋಡಿ ಪಾಸು ಮಾಡಿದ್ದು ಯಾರು ಅಂತಾನೂ ಕೇಳ್ತಾರೆ."

ಫಾರಂ ತುಂಬಿದ್ದ ಅಕ್ಷರ ಮಾವನದಲ್ಲ. ದುಂಡಗೆ, ಒಂದಕ್ಕೊಂದು ತಾಗದ ಹಾಗೆ ಬರೆದ ಆ ಅಕ್ಷರವನ್ನು ಗ್ಯಾರೇಜಿನ ಎಲ್ಲ ಡಬ್ಬಿಗಳ ಮೇಲೆ ಅವಳು ನೋಡಿದ್ದಳು. ಅದು ಮೌನಿಯ ಅಕ್ಷರ.

"ಅವನ ಕೈಲೂ ಬರೆಸಿದ್ರಾ?"

"ತಾನು ಕೂರಿಸಿದ ಬ್ರೇಕು ಸರಿಯಾಗಿದೆ ಅನ್ನೋ ಧೈರ್ಯ ಅವನಿಗಿತ್ತು. ನಾನು ಬಿಚ್ಚಿದ್ದು ಅವನಿಗೇನು ಗೊತ್ತು?"

ಅವಳು ಕುರ್ಚಿ ಎಳೆದು ಕುಳಿತಳು. ನಂಬಿದವರೇ ಹಗ್ಗ ಹೊಸೆದಿದ್ದರು, ಅದಕ್ಕೆ ನಾರು ಕೊಟ್ಟವಳು ಅವಳೇ. ನಿಜ ಬರೆದರೆ ಕೆಲಸ ಹೋಗುತ್ತದೆ, ಕೇಸೂ ಬೀಳುತ್ತದೆ, ಮಾವನ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಬರೆಯದಿದ್ದರೆ ಮೌನಿ ಜೈಲಿಗೆ ಹೋಗುತ್ತಾನೆ. ಅವನು ಜೈಲಿನಲ್ಲೂ ಬಾಯಿ ಬಿಡುವವನಲ್ಲ.

ಬಹಳ ಹೊತ್ತು ಬೇಕಾಗಲಿಲ್ಲ. ಅವಳು ಫೋನು ತೆಗೆದಳು.

"ಯಾರಿಗೆ?" ಎಂದರು ಮಾವ.

"ಇನ್‌ಸ್ಪೆಕ್ಟರಿಗೆ. ಬಿಚ್ಚಿದ್ದು ನೀವು ಅಂತ ಹೇಳ್ತೀನಿ. ಖಾಲಿ ಫಾರಂಗೆ ಸಹಿ ಹಾಕಿದ್ದು ನಾನು ಅಂತಾನೂ ಹೇಳ್ತೀನಿ. ಮೌನಿ ಮನೆಗೆ ಹೋಗ್ಲಿ."

ಮಾವ ತಡೆಯಲು ಬರಲಿಲ್ಲ. ಅದು ಅವಳಿಗೆ ವಿಚಿತ್ರವೆನಿಸಿತು. ಆದರೆ ಅಷ್ಟರಲ್ಲಿ ಆ ಕಡೆಯಿಂದ ಇನ್‌ಸ್ಪೆಕ್ಟರ ದನಿ ಕೇಳಿತು.

"ನಾನೇ ಮಾಡೋಣ ಅಂತಿದ್ದೆ ಮೇಡಂ. ನೀವು ಹೋದ ಮೇಲೆ ಆ ಎಣ್ಣೆ ಗೆರೆ ವಿಷಯ ಫಿಟರ್‌ಗೆ ಹೇಳಿದೆ. ನಿನಗೆ ಒಳ್ಳೇದಾಯ್ತು ಕಣಯ್ಯ ಅಂದೆ. ಆಮೇಲೆ ಪೆನ್ನು ಕಾಗದ ಕೇಳಿದ."

"ಏನು ಬರೆದ?"

"ಬುಧವಾರ ಹೆಡ್‌ಮಾಸ್ತರ ಮನೆ ಹತ್ರ ಹೋಗಿ, ಅವರಿಲ್ದಾಗ ತಾನೇ ಎರಡನ್ನೂ ಅದಲುಬದಲು 
ಮಾಡಿದೆ ಅಂತ. ಕೈತಪ್ಪಲ್ಲ, ಬೇಕಂತಲೇ. ಹೆಡ್‌ಮಾಸ್ತರಿಗೆ ಏನಾದ್ರೂ ಆದ್ರೆ ಇದು ಕೊಲೆ ಕೇಸು ಮೇಡಂ."

"ಸುಳ್ಳು ಸರ್. ನಾನು ಹೇಳೋದು ಸ್ವಲ್ಪ—"

"ತಡೀರಿ. ಕೊನೇಲಿ ಇನ್ನೊಂದು ಸಾಲು ಸೇರಿಸಿದಾನೆ. ಮಂಗಳವಾರ ಸರ್ವೇಯರಮ್ಮ ಗಾಡಿ ಪರೀಕ್ಷೆ ಮಾಡಿದಾಗ ಬ್ರೇಕು ಸರಿಯಾಗಿತ್ತು ಅಂತ." ಇನ್‌ಸ್ಪೆಕ್ಟರ ದನಿಯಲ್ಲಿ ಬೆಳಗಿನ ಸಲಿಗೆ ಇರಲಿಲ್ಲ. "ಆ ಗಾಡೀನ ನೀವು ಮೊದಲೇ ನೋಡಿದ್ರಾ ಮೇಡಂ? ಬೆಳಿಗ್ಗೆ ನಂಗೆ ಹೇಳಲೇ ಇಲ್ಲ."

ಇಲ್ಲ ಅಂದರೆ ಮೇಜಿನ ಮೇಲಿನ ಕಾಗದ ಅವಳನ್ನು ಸುಳ್ಳಿ ಅನ್ನುತ್ತದೆ, ಖಾಲಿ ಫಾರಂ ಮಾತನ್ನು ಇನ್ನು ಯಾರೂ ನಂಬುವುದಿಲ್ಲ. ಹೌದು ಅಂದರೆ ಮೌನಿ ಕೊಲೆಗಾರ.

"ಮೇಡಂ? ನೋಡಿದ್ರಾ ಇಲ್ವಾ?"

ಫೋನು ಅವಳ ಕಿವಿಗೆ ಒತ್ತಿಕೊಂಡಿತ್ತು. ಆ ಕಡೆಯ ಮಾತು ಒಂದಕ್ಷರವೂ ಹೊರಗೆ ಕೇಳುತ್ತಿರಲಿಲ್ಲ. ಮಾವ ಮಾತ್ರ ಹತ್ತಿರ ಬಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಅವಳ ತಲೆಯ ಮೇಲೆ ಕೈಯಿಟ್ಟರು.

"ನೋಡಿದೆ ಅಂದ್ಬಿಡು ಪುಟ್ಟಿ," ಎಂದು ಪಿಸುಗುಟ್ಟಿದರು. "ಹಿಂಗೇ ಬರ್ಕೊಡ್ತೀನಿ ಅಂತ ಮೌನಿ ನನ್ನ ಹತ್ರ ಒಪ್ಕೊಂಡು ಮೂರು ದಿನ ಆಯ್ತು."